ಫೈಲಿನಲ್ಲಿ ಭದ್ರವಾಗಿರುವ ಯೋಜನೆ

27 ವರ್ಷ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದೆ. ಈಗ ನಿವೃತ್ತಿ. ಸಂಸ್ಥೆಗೆ ಆಪತ್ತು ಬಂದರೆ ಏನು ಮಾಡುವುದು ಎಂದು ಹೋದ ಬಾರಿ ಇಲ್ಲಿ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಈ ಸಲದ ಪತ್ರಗಳೆಲ್ಲ ಅದರ ಬಗ್ಗೆಯೇ. ಸರಿ, ಇಡೀ ಅಂಕಣ ಅದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನಮ್ಮದು 60 ಜನರ ಕಚೇರಿ. ವಿಪತ್ತು ನಿರ್ವಹಣಾ ಯೋಜನೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೂರು ತಿಂಗಳು ಕೂತು 118 ಪುಟ ಬರೆದೆ. ಆಡಳಿತ ಮಂಡಳಿ ಒಪ್ಪಿದೆ. ಇನ್ನೇನಾದರೂ ಬಾಕಿ ಇದೆಯೇ?

118 ಪುಟ! ನಿಮ್ಮ ತಾಳ್ಮೆಗೆ ಶರಣು. ಆ ಫೈಲು ಈಗ ಎಲ್ಲಿದೆ?

ನನ್ನದು ಬೀರುವಿನಲ್ಲಿತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೂ ಇಂಥದ್ದೊಂದು ಬರೆದಿದ್ದೆ. ನೀಲಿ ರಟ್ಟಿನ ಫೈಲು, ಅಧ್ಯಾಯಕ್ಕೊಂದು ಬಣ್ಣದ ಚೀಟಿ. ಒಂದು ರಾತ್ರಿ ಎರಡು ಗಂಟೆಗೆ ಆಡಳಿತ ಕಟ್ಟಡದ ವಿದ್ಯುತ್ ಕೋಣೆಗೆ ಬೆಂಕಿ ಬಿತ್ತು. ನಾನು ಓಡಿ ಬರುವಷ್ಟರಲ್ಲಿ ಅಗ್ನಿಶಾಮಕದವರು ಸುತ್ತ ಹಗ್ಗ ಕಟ್ಟಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ನಾನು ಬರೆದಿಟ್ಟಿದ್ದ ಫೈಲು ಎರಡನೇ ಮಹಡಿಯಲ್ಲಿತ್ತು. ಇನ್ನೊಂದು ಪ್ರತಿ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರೂ ಅದೇ ಕಟ್ಟಡದಲ್ಲಿ! ಗೇಟಿನ ಕಾವಲುಗಾರನ ಗೂಡಿನಲ್ಲಿ ಗೋಡೆಗಂಟಿಸಿದ ಹಳೆಯ ಫೋನ್ ಪಟ್ಟಿಯೊಂದು ಸಿಕ್ಕಿತು. 11 ನಂಬರ್. ನಾಲ್ವರು ಕೆಲಸ ಬಿಟ್ಟು ಹೋಗಿದ್ದರು. ಒಬ್ಬರು ತೀರಿಕೊಂಡಿದ್ದರು. ಅದು ನನಗೆ ಗೊತ್ತಿತ್ತು, ಆದರೆ ಆ ಗಡಿಬಿಡಿಯಲ್ಲಿ ಸುಮ್ನೆ ಮೇಲಿನಿಂದ ಕೆಳಗೆ ನಂಬರ್ ಒತ್ತುತ್ತಾ ಹೋದೆ. ಅವರ ಹೆಂಡತಿ ಫೋನ್ ಎತ್ತಿದರು. ಆ ಅರ್ಧ ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ.

ದೊಡ್ಡವರೇನೂ ಇದಕ್ಕೆ ಹೊರತಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ, ಕಡಲಲ್ಲಿ ತೈಲ ಬಾವಿ ಕೊರೆಯುವ ರಿಗ್ ಸ್ಫೋಟಿಸಿ 11 ಕೆಲಸಗಾರರು ಸತ್ತರು. ಆಮೇಲೆ, ತೈಲ ಸೋರಿದರೆ ಏನು ಮಾಡಬೇಕು ಎಂದು ಆ ಬಾವಿಯ ಒಡೆತನದ ಬಿಪಿ ಕಂಪನಿ ಬರೆದಿಟ್ಟಿದ್ದ ಯೋಜನೆಯನ್ನು ಪತ್ರಕರ್ತರು ಬಿಚ್ಚಿ ನೋಡಿದರು. ಸುಮಾರು 580 ಪುಟ. ಕಾಪಾಡಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್ ಇತ್ತು. ವಾಲ್ರಸ್ ಬದುಕುವುದು ಉತ್ತರ ಧ್ರುವದ ಕಡೆಯ ಮಂಜಿನ ಕಡಲಲ್ಲಿ! ಸಲಹೆ ಕೇಳಬೇಕಾದ ತಜ್ಞರಲ್ಲಿ ಒಬ್ಬರು 2005ರಲ್ಲೇ ತೀರಿಕೊಂಡಿದ್ದರು. ಯೋಜನೆ ಬರೆದದ್ದು 2009ರಲ್ಲಿ. ಪುಸ್ತಕದ ಬದನೆಕಾಯಿ ಅಂದರೆ ಇದೇ ಅಲ್ವಾ?

ನಿಮ್ಮ 118 ಪುಟ ಎಸೆಯಬೇಡಿ. ಅದರಿಂದ ಒಂದೇ ಒಂದು ಹಾಳೆ ಹಿಂಡಿ ತೆಗೆಯಿರಿ. ಮೊದಲ ಒಂದು ಗಂಟೆಯ ಹಾಳೆ. ಯಾರು ತೀರ್ಮಾನ ಮಾಡುತ್ತಾರೆ, ಅವರು ಸಿಗದಿದ್ದರೆ ಯಾರು, ಅವರೂ ಸಿಗದಿದ್ದರೆ ಯಾರು. ಹೊರಗೆ ಬಂದವರು ಎಲ್ಲಿ ಸೇರಬೇಕು, ತಲೆ ಎಣಿಸುವವರು ಯಾರು. ವಿದ್ಯುತ್ತಿನ ಮುಖ್ಯ ಸ್ವಿಚ್, ಗ್ಯಾಸಿನ ವಾಲ್ವ್ ಎಲ್ಲಿವೆ. ಫೋನ್ ನಂಬರುಗಳು. ಸಾಕು. ಆ ಹಾಳೆ ಗೇಟಿನಲ್ಲಿರಲಿ, ಮುಖ್ಯವಾದ ಏಳೆಂಟು ಜನರ ಮನೆಯಲ್ಲಿರಲಿ, ಅವರ ಮೊಬೈಲಿನಲ್ಲಿ ಫೋಟೋ ಆಗಿಯೂ ಇರಲಿ. ಇಂಟರ್ನೆಟ್ ಇಲ್ಲದೆಯೂ ತೆರೆಯುವಂತಿರಬೇಕು. ಕೆಳಗೆ ತಾರೀಖು ಹಾಕಿ. ತಾರೀಖು ಮೂರು ತಿಂಗಳು ಹಳೆಯದಾದರೆ ಮತ್ತೆ ನೋಡಿ.

ಪ್ರಶ್ನೆ: ನಮ್ಮಲ್ಲಿ ಕೆಲಸ ನಿಲ್ಲಿಸುವ, ಕಟ್ಟಡ ಖಾಲಿ ಮಾಡಿಸುವ ಅಧಿಕಾರ ನಿರ್ದೇಶಕರೊಬ್ಬರಿಗೇ. ಅವರು ವಿಮಾನದಲ್ಲಿದ್ದರೆ ಏನು ಗತಿ?

ಅವರು ಇಳಿಯುವವರೆಗೆ ಬೆಂಕಿ ಕಾಯುವುದಿಲ್ಲ.

1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದಲ್ಲಿ ತೈಲ ತೆಗೆಯುವ ಪೈಪರ್ ಆಲ್ಫಾ ಎಂಬ ವೇದಿಕೆಯಲ್ಲಿ ಸ್ಫೋಟವಾಯಿತು. ಒಂದು ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆಂದು ಬಿಚ್ಚಿದ್ದರು. ಆ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಪಂಪ್ ಚಾಲೂ ಮಾಡಿದರು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನನ್ನನ್ನು ಕಾಡುವುದು ಮುಂದಿನದು. ಅಕ್ಕಪಕ್ಕದ ಎರಡು ವೇದಿಕೆಗಳ ತೈಲವೂ ಇದೇ ಕೊಳವೆ ಜಾಲಕ್ಕೆ ಸೇರುತ್ತಿತ್ತು. ಪೈಪರ್ ಹೊತ್ತಿ ಉರಿಯುತ್ತಿದ್ದರೂ ಅವು ತೈಲ ತಳ್ಳುತ್ತಲೇ ಇದ್ದವು. ದಡದಿಂದ ಅಪ್ಪಣೆ ಇಲ್ಲದೆ ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಪೈಪರ್ ಮೇಲಿದ್ದ ಅನೇಕರು ವಸತಿ ಕೋಣೆಗಳಲ್ಲಿ ಸೇರಿ ಮುಂದಿನ ಆದೇಶಕ್ಕಾಗಿ ಕಾದರು. ಆದೇಶ ಬರಲೇ ಇಲ್ಲ. ಒಟ್ಟು 167 ಮಂದಿ ಸತ್ತರು. ಬದುಕಿದ 61 ಮಂದಿಯಲ್ಲಿ ಬಹಳಷ್ಟು ಜನ, ಯಾರ ಮಾತಿಗೂ ಕಾಯದೆ ನೀರಿಗಿಳಿದವರು.

ನಮ್ಮ ಕಾರ್ಖಾನೆಯ ಮಾತು ಹೇಳುತ್ತೇನೆ. ರಾತ್ರಿ ಪಾಳಿಯ ಒಬ್ಬ ಹುಡುಗ ಏನೋ ವಾಸನೆ ಬಂತೆಂದು ಕೆಂಪು ಗುಂಡಿ ಒತ್ತಿದ. ಇಡೀ ಉತ್ಪಾದನಾ ಸಾಲು ನಿಂತಿತು. ನೋಡಿದರೆ ಏನೂ ಇರಲಿಲ್ಲ. ಬೆಳಿಗ್ಗೆ ಆಗಿನ ಉತ್ಪಾದನಾ ಮುಖ್ಯಸ್ಥರು ಎಲ್ಲರೆದುರು ಅವನ ಮರ್ಯಾದೆ ತೆಗೆದರು. ಐದು ತಿಂಗಳ ನಂತರ ನಿಜವಾಗಿ ಅನಿಲ ಸೋರಿತು. ಆಗ 20 ನಿಮಿಷ ಯಾರೂ ಗುಂಡಿ ಮುಟ್ಟಲಿಲ್ಲ. ಎಲ್ಲರಿಗೂ ವಾಸನೆ ಬಂದಿತ್ತು. ಯಾರ ಪ್ರಾಣವೂ ಹೋಗಲಿಲ್ಲ, ಅದು ನಮ್ಮ ಪುಣ್ಯ.

ಆಮೇಲೆ ನಾನು ಹಟ ಹಿಡಿದು ಒಂದು ನಿಯಮ ಬರೆಸಿದೆ: ಅನುಮಾನ ಬಂದವರು ಯಾರೇ ಆಗಲಿ ನಿಲ್ಲಿಸಬಹುದು, ಸುಳ್ಳು ಅಲಾರಂ ಆದರೂ ಬೈಯುವಂತಿಲ್ಲ. ನಿಮ್ಮ ನಿರ್ದೇಶಕರ ಸಹಿ ಇರುವ ಇಂಥ ಎರಡು ಸಾಲು ಸಂಪಾದಿಸಿ. ನಿಲ್ಲಿಸುವ ಅಧಿಕಾರ ಎಲ್ಲರಿಗೂ ಇರಲಿ. ಮತ್ತೆ ಶುರು ಮಾಡುವ ಅಧಿಕಾರ ಬೇಕಾದರೆ ಅವರೊಬ್ಬರೇ ಇಟ್ಟುಕೊಳ್ಳಲಿ.

ಪ್ರಶ್ನೆ: ಬೆಂಕಿ, ನೆರೆ, ಭೂಕಂಪ, ಸೈಬರ್ ದಾಳಿ, ಸಾಂಕ್ರಾಮಿಕ ರೋಗ... ಪಟ್ಟಿ ಮುಗಿಯುವುದೇ ಇಲ್ಲ. ಯಾವುದಕ್ಕೆ ಅಂತ ತಯಾರಾಗುವುದು?

ಕಾರಣಗಳನ್ನು ಎಣಿಸಲು ಹೊರಟರೆ ಮುಗಿಯುವುದಿಲ್ಲ. ಏನು ಕೈತಪ್ಪುತ್ತದೆ ಎಂದು ಎಣಿಸಿ. ಆಗ ಪಟ್ಟಿ ಚಿಕ್ಕದು. ಜನ ಬರಲಾರರು. ಜಾಗಕ್ಕೆ ಹೋಗಲಾಗದು. ವಿದ್ಯುತ್ ಅಥವಾ ಕಂಪ್ಯೂಟರ್ ಇಲ್ಲ. ಸಾಮಾನು ಕೊಡುವವರು ಕೈ ಎತ್ತಿದರು. ಇವು ನಾಲ್ಕಕ್ಕೆ ಉತ್ತರ ಇದ್ದರೆ ಕಾರಣ ಯಾವುದಾದರೂ ಪರವಾಗಿಲ್ಲ.

ನಾಲ್ಕನೆಯದನ್ನು ಜನ ಜಾಸ್ತಿ ಮರೆಯುತ್ತಾರೆ. 2000ನೇ ಇಸವಿಯ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿ ಸಿಡಿಲು ಬಡಿದು ಫಿಲಿಪ್ಸ್ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಹತ್ತು ನಿಮಿಷದಲ್ಲಿ ಆರಿತು. ಆದರೆ ಒಂದು ಕಣ ದೂಳೂ ಇರಬಾರದ ಕೋಣೆಗಳಿಗೆ ಹೊಗೆ, ನೀರು ನುಗ್ಗಿತ್ತು. ಅಲ್ಲಿಂದ ಚಿಪ್ ಕೊಳ್ಳುತ್ತಿದ್ದ ಎರಡು ಮೊಬೈಲ್ ಕಂಪನಿಗಳು ನೋಕಿಯಾ ಮತ್ತು ಎರಿಕ್‌ಸನ್. ಒಂದೇ ವಾರದ ತಡ ಎಂದು ಫಿಲಿಪ್ಸ್ ಮೊದಲು ಹೇಳಿದ್ದರೂ ನೋಕಿಯಾ ನಂಬಿ ಕೂರಲಿಲ್ಲ. ದಿನಾ ವಿಚಾರಿಸಿತು, ಬೇರೆ ಕಾರ್ಖಾನೆಗಳಿಂದ ಚಿಪ್ ಹೊಂದಿಸಿತು. ಎರಿಕ್‌ಸನ್ ಎಚ್ಚೆತ್ತುಕೊಂಡಾಗ ತಡವಾಗಿತ್ತು, ಆ ಚಿಪ್ಪಿಗೆ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ. ಮರುವರ್ಷ ಎರಿಕ್‌ಸನ್ ತನ್ನ ಮೊಬೈಲ್ ವ್ಯವಹಾರವನ್ನು ಸೋನಿ ಕಂಪನಿಯ ಜೊತೆ ಸೇರಿಸಿತು. ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು. ಬೆಂಕಿ ಬಿದ್ದದ್ದು ಇಬ್ಬರ ಮನೆಗೂ ಅಲ್ಲ, ನೋಡಿ.

ಪ್ರಶ್ನೆ: ನಮ್ಮಲ್ಲಿ ಜನರೇಟರ್ ಇದೆ. ನೆರೆ ಬಂದರೂ ತೊಂದರೆಯಾಗದಂತೆ ಮೇಲಿನ ಮಹಡಿಯಲ್ಲೇ ಇಟ್ಟಿದ್ದೇವೆ. ಸಾಕಲ್ಲವೇ?

ಡೀಸೆಲ್ ಪಂಪ್ ಎಲ್ಲಿದೆ? 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು 13ನೇ ಮಹಡಿಯಲ್ಲಿ ಕ್ಷೇಮವಾಗಿದ್ದವು. ಎಣ್ಣೆ ಮೇಲೆತ್ತುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿದ್ದವು. ಅವು ಮುಳುಗಿದವು. ಸಿಬ್ಬಂದಿ ಮತ್ತು ಸೈನಿಕರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಡೀಸೆಲ್ಲನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. ಒಂದು ದಿನ ಮುಖ್ಯ ಸ್ವಿಚ್ ಇಳಿಸಿ, ಜನರೇಟರ್ ಮೇಲೆ ನಾಲ್ಕು ಗಂಟೆ ಕೆಲಸ ಮಾಡಿ ನೋಡಿ. ಐದು ನಿಮಿಷ ಗುರ್ ಎನ್ನಿಸಿ ನಿಲ್ಲಿಸುವುದು ಪರೀಕ್ಷೆಯಲ್ಲ.

ಪ್ರಶ್ನೆ: ಕಂಪ್ಯೂಟರ್ ವಿಭಾಗ ನನ್ನದು. ದಿನಾ ರಾತ್ರಿ ಬ್ಯಾಕಪ್ ಆಗುತ್ತದೆ. ಯೋಜನೆಯಲ್ಲಿ ಇನ್ನೇನು ಬರೆಯಲಿ?

ಆಗುತ್ತದೆ ಅಂತ ಹೇಗೆ ಗೊತ್ತು? ಕೆಣಕುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

2017ರ ಜನವರಿ 31ರಂದು ಸಾಫ್ಟ್‌ವೇರ್ ಬರೆಯುವವರ ಕೆಲಸವನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ರಾತ್ರಿ ಹೊತ್ತು ಕೆಲಸ ಮಾಡುತ್ತಾ, ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಮಾಹಿತಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲೇ ತಪ್ಪು ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಮಾಹಿತಿ ಉಳಿಸಲು ಅವರಲ್ಲಿ ಐದು ವ್ಯವಸ್ಥೆಗಳಿದ್ದವು. ಒಂದೂ ಕೈಗೆ ಬರಲಿಲ್ಲ. ಮುಖ್ಯ ಬ್ಯಾಕಪ್ ಇರಬೇಕಾದ ಜಾಗ ಖಾಲಿ! ಸಾಫ್ಟ್‌ವೇರಿನ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ವಿಫಲವಾಯಿತು ಎಂದು ತಿಳಿಸುವ ಇಮೇಲುಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಯಾರೋ ಕೈಯಾರೆ ತೆಗೆದಿಟ್ಟ ಪ್ರತಿ ಅವರನ್ನು ಉಳಿಸಿತು. ನಡೆದದ್ದನ್ನೆಲ್ಲ ಅವರು ಮುಚ್ಚಿಡದೆ ಬರೆದು ಹಾಕಿದರು. ಅದಕ್ಕೇ ಇಷ್ಟು ವಿವರ ನಮಗೆ ಗೊತ್ತು.

ಅದೇ ವರ್ಷ ಜೂನಿನಲ್ಲಿ ನಾಟ್‌ಪೆಟ್ಯಾ ವೈರಸ್ ಹಡಗು ಕಂಪನಿ ಮೇರ್ಸ್ಕ್‌ನ ಕಂಪ್ಯೂಟರುಗಳನ್ನು ನುಂಗಿತು. ಇಡೀ ಜಾಲದ ಲೆಕ್ಕ ಇಡುವ ಸರ್ವರುಗಳು ಒಂದರ ನಕಲು ಒಂದು. ಹಾಗಾಗಿ ಒಂದು ಹೋದರೆ ಇನ್ನೊಂದಿದೆ ಎಂದುಕೊಂಡಿದ್ದರು. ಎಲ್ಲವೂ ಒಟ್ಟಿಗೇ ಹೋದವು. ಘಾನಾದ ಕಚೇರಿಯ ಒಂದೇ ಒಂದು ಉಳಿಯಿತು. ಏಕೆಂದರೆ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಕರೆಂಟ್ ಹೋದದ್ದಕ್ಕೆ ಒಂದು ಕಂಪನಿ ಕೈ ಮುಗಿದದ್ದು ನಾನು ಕೇಳಿದ್ದು ಇದೊಂದೇ ಸಲ.

ಆದ್ದರಿಂದ ಒಂದು ಪ್ರತಿ ಜಾಲದಿಂದ ಪೂರ್ತಿ ಬಿಚ್ಚಿಟ್ಟದ್ದಿರಲಿ, ಬೇರೆ ಕಟ್ಟಡದಲ್ಲಿರಲಿ. ಮೂರು ತಿಂಗಳಿಗೊಮ್ಮೆ ಒಂದು ಖಾಲಿ ಕಂಪ್ಯೂಟರಿಗೆ ಅದನ್ನು ವಾಪಸ್ ಹಾಕಿ ನೋಡಿ. ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಿ. ನಿಮ್ಮ ಯೋಜನೆಯಲ್ಲಿ ಬರೆಯಬೇಕಾದದ್ದು ಆ ಸಂಖ್ಯೆ. ನಿರ್ದೇಶಕರು ಎರಡು ಗಂಟೆ ಎಂದುಕೊಂಡಿರುತ್ತಾರೆ, ನಿಜದಲ್ಲಿ ಎರಡು ದಿನ ಇರುತ್ತದೆ.

ಪ್ರಶ್ನೆ: ಅಣಕು ಕವಾಯತು ಅಂದರೆ ನಮ್ಮವರಿಗೆ ತಮಾಷೆ. ಮೊಬೈಲ್ ನೋಡುತ್ತಾ ಹೊರಗೆ ಬರುತ್ತಾರೆ. ದೊಡ್ಡ ಅಧಿಕಾರಿಗಳು ಬರುವುದೇ ಇಲ್ಲ.

ಮೊಬೈಲ್ ನೋಡುತ್ತಲೇ ಬರಲಿ ಬಿಡಿ, ಕಾಲಿಗೆ ದಾರಿ ಗೊತ್ತಾಗುತ್ತದಲ್ಲ. ಅಧಿಕಾರಿಗಳು ಬಾರದಿರುವುದು ಮಾತ್ರ ತಪ್ಪು.

ರಿಕ್ ರೆಸ್ಕೋರ್ಲಾ ಎಂಬವರು ನ್ಯೂಯಾರ್ಕಿನ ಅವಳಿ ಗೋಪುರದಲ್ಲಿ ಮೋರ್ಗನ್ ಸ್ಟಾನ್ಲಿ ಎಂಬ ಹಣಕಾಸು ಕಂಪನಿಯ ಭದ್ರತಾ ಮುಖ್ಯಸ್ಥರಾಗಿದ್ದರು. 1993ರಲ್ಲಿ ಆ ಗೋಪುರಗಳ ಕೆಳಗೆ ಬಾಂಬ್ ಸಿಡಿದ ಮೇಲೆ ಅವರು ಎಲ್ಲರನ್ನೂ ಪದೇ ಪದೇ ಮೆಟ್ಟಿಲು ಇಳಿಸತೊಡಗಿದರು. ಕೋಟಿಗಟ್ಟಲೆ ವ್ಯವಹಾರ ಮಾಡುವವರು ಫೋನ್ ಇಟ್ಟು ಎದ್ದು ಬರಬೇಕು. ಎಷ್ಟು ಗೊಣಗಿರಬೇಡ! 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ನಿಮ್ಮ ನಿಮ್ಮ ಜಾಗದಲ್ಲೇ ಇರಿ ಎಂದು ಕಟ್ಟಡದವರು ಹೇಳಿದರು. ಇವರು ಕೇಳಲಿಲ್ಲ. ಮೆಗಾಫೋನ್ ಹಿಡಿದು ತಮ್ಮವರನ್ನು ಇಳಿಸಿದರು. ಸುಮಾರು 2,700 ಮಂದಿಯಲ್ಲಿ ಬಹುತೇಕ ಎಲ್ಲರೂ ಬದುಕಿದರು. ಒಳಗೆ ಇನ್ನೂ ಉಳಿದವರನ್ನು ಹುಡುಕಲು ಮತ್ತೆ ಮೇಲೆ ಹೋದ ರೆಸ್ಕೋರ್ಲಾ ವಾಪಸ್ ಬರಲಿಲ್ಲ.

ನಿಮ್ಮ ಕವಾಯತಿಗೆ ಒಂದು ತಿರುವು ಹಾಕಿ. ಮುಂದಿನ ಸಲ ಒಂದು ಬಾಗಿಲಿಗೆ "ಇಲ್ಲಿ ಹೊಗೆ" ಎಂದು ಬರೆದ ಹಲಗೆ ಇಟ್ಟು ಮುಚ್ಚಿಬಿಡಿ. ತಮಾಷೆ ನಿಲ್ಲುತ್ತದೆ. ಗಾಲಿ ಕುರ್ಚಿಯಲ್ಲಿರುವವರು, ಗರ್ಭಿಣಿಯರು ಯಾರ ಜೊತೆ ಇಳಿಯುತ್ತಾರೆ ಎಂದು ಅವತ್ತೇ ನೋಡಿಕೊಳ್ಳಿ.

ಪ್ರಶ್ನೆ: ಐಎಸ್‌ಒ 22301 ಪ್ರಮಾಣಪತ್ರ ತೆಗೆದುಕೊಳ್ಳಬೇಕೇ?

ಗ್ರಾಹಕರು ಕೇಳಿದರೆ ತೆಗೆದುಕೊಳ್ಳಿ. ಆಪತ್ತು ಬಂದರೂ ಸಂಸ್ಥೆಯ ಕೆಲಸ ನಡೆಯುವಂತೆ ನೋಡಿಕೊಳ್ಳುವುದಕ್ಕೆಂದು 2012ರಲ್ಲಿ ಬಂದ, 2019ರಲ್ಲಿ ತಿದ್ದಿದ ಒಳ್ಳೆಯ ಅಂತರರಾಷ್ಟ್ರೀಯ ಮಾನದಂಡ ಅದು. ಯಾರೂ ಕೇಳದಿದ್ದರೆ ಮೊದಲು ಆ ಒಂದು ಹಾಳೆ ಬರೆಯಿರಿ.

ಪ್ರಶ್ನೆ: ಘಟನೆ ನಡೆದ ತಕ್ಷಣ ಪತ್ರಕರ್ತರು, ಗ್ರಾಹಕರು ಮುತ್ತಿಕೊಳ್ಳುತ್ತಾರೆ. ಪೂರ್ತಿ ವಿವರ ಸಿಗುವವರೆಗೆ ಸುಮ್ಮನಿರುವುದು ಒಳ್ಳೆಯದಲ್ಲವೇ?

ನೀವು ಸುಮ್ಮನಿದ್ದರೆ ಬೇರೆಯವರು ಮಾತಾಡುತ್ತಾರೆ. ಮೂರು ಮಾತು ಸಾಕು: ಇಷ್ಟು ಗೊತ್ತಾಗಿದೆ, ಇಷ್ಟು ಗೊತ್ತಾಗಿಲ್ಲ, ಇಷ್ಟು ಗಂಟೆಗೆ ಮತ್ತೆ ತಿಳಿಸುತ್ತೇವೆ. ಹೇಳಿದ ಗಂಟೆಗೆ ಬನ್ನಿ, ಹೊಸದೇನೂ ಇಲ್ಲದಿದ್ದರೂ ಬನ್ನಿ. ಸತ್ತವರ, ಗಾಯಗೊಂಡವರ ಮನೆಯವರಿಗೆ ಟಿವಿಗಿಂತ ಮೊದಲು ನಿಮ್ಮಿಂದ ಸುದ್ದಿ ಹೋಗಬೇಕು. ನಿಮ್ಮ ಕಷ್ಟ ಮಾತ್ರ ಹೇಳಿಕೊಳ್ಳಬೇಡಿ. ಮೇಲೆ ಹೇಳಿದ ಬಿಪಿ ಕಂಪನಿಯ ಮುಖ್ಯಸ್ಥರು ಕ್ಯಾಮೆರಾ ಮುಂದೆ "ನನಗೆ ನನ್ನ ಬದುಕು ವಾಪಸ್ ಬೇಕು" ಎಂದುಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ಕೆಲವೇ ತಿಂಗಳಲ್ಲಿ ಹುದ್ದೆ ಬಿಟ್ಟರು.

ಪ್ರಶ್ನೆ: ಮೇಡಂ, ಹೋದ ಬಾರಿ ನೀವು ಬರೆದಂತೆ ರಾತ್ರಿ ಹನ್ನೊಂದೂವರೆಗೆ ನಮ್ಮ ತುರ್ತು ಪಟ್ಟಿಯ 17 ಮಂದಿಗೂ ಹೇಳದೆ ಕೇಳದೆ ಫೋನ್ ಮಾಡಿದೆ. ಎತ್ತಿದವರು 9. ಅದರಲ್ಲಿ ಇಬ್ಬರು ಬೈದರು. ಈಗ ಕಚೇರಿಯಲ್ಲಿ ನನ್ನ ಮುಖ ನೋಡುವವರಿಲ್ಲ.

ಒಂಬತ್ತು! ನಾನು ಮೊದಲ ಸಲ ಮಾಡಿದಾಗ 22ರಲ್ಲಿ 5 ಮಂದಿ ಎತ್ತಿದ್ದರು. ಬೈದ ಇಬ್ಬರನ್ನು ಎತ್ತಿದವರ ಲೆಕ್ಕಕ್ಕೇ ಹಾಕಿಕೊಳ್ಳಿ, ಅವರು ಎಚ್ಚರವಾದರಲ್ಲ. ಎತ್ತದ ಎಂಟು ಮಂದಿಯನ್ನು ಬೈಯಬೇಡಿ, ಕಾರಣ ಕೇಳಿ. ನಂಬರ್ ಬದಲಾಗಿರುತ್ತದೆ, ಮೊಬೈಲ್ ಸೈಲೆಂಟಿನಲ್ಲಿರುತ್ತದೆ, ಗೊತ್ತಿಲ್ಲದ ನಂಬರ್ ಎಂದು ಬಿಟ್ಟಿರುತ್ತಾರೆ. ಸೈಲೆಂಟಿನಲ್ಲಿದ್ದರೂ ಒಂದು ನಂಬರಿನಿಂದ ಬಂದ ಕರೆ ಮಾತ್ರ ಸದ್ದು ಮಾಡುವ ಹಾಗೆ ಹೆಚ್ಚಿನ ಮೊಬೈಲುಗಳಲ್ಲಿ ಮಾಡಿಡಬಹುದು. ಎಂಟೂ ಜನರ ಮೊಬೈಲಿನಲ್ಲಿ ನೀವೇ ಕೂತು ಅದನ್ನು ಮಾಡಿಕೊಡಿ. ಮುಖ ನೋಡಲು ಅದೇ ಒಂದು ನೆಪ. ಮುಂದಿನ ಸಲ ನೀವು ಫೋನ್ ಮಾಡಬೇಡಿ. ನೀವು ಊರಲ್ಲಿಲ್ಲ ಎಂದುಕೊಂಡು ನಿಮ್ಮ ಬದಲಿಯವರು ಮಾಡಲಿ. ಪಟ್ಟಿ ಎಲ್ಲಿದೆ ಎಂದು ಅವರಿಗೆ ಹೇಳಬೇಡಿ, ಅವರೇ ಹುಡುಕಲಿ.