ಶಾಲೆ ಅಂದ್ರೆ ಹೊಟ್ಟೆನೋವು ಅನ್ನುವ ಮಗುವಿಗೆ ಯಾವ ಚಿತ್ರಪುಸ್ತಕ ಓದಿ ಹೇಳಬೇಕು?

ಮಗಳು ಈ ಸಲ ಒಂದನೇ ತರಗತಿ, ಶಾಲೆಯ ಮಾತು ತೆಗೆದರೆ ಹೊಟ್ಟೆ ನೋಯ್ತದೆ ಅಂತಾಳೆ, ಅಜ್ಜಿ ಜೊತೆ ಮರಾಠಿ, ನಿಮ್ಮ ಜೊತೆ ಕನ್ನಡ, ಇರೋದು ಬೆಳಗಾವಿಯಲ್ಲಿ ಅಂತ ಬರೆದಿದ್ದೀರಿ. ಚಿತ್ರಪುಸ್ತಕ ಓದಿದರೆ ಭಯ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಬೆಳಗಾವಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ಹೊಸ ಮಕ್ಕಳು ಮೊದಲು ಬರೋದು ನನ್ನ ಹತ್ತಿರವೇ. ಆ ಅನುಭವದಿಂದ ಹೇಳ್ತೀನಿ.

ಪುಸ್ತಕದಿಂದ ಖಂಡಿತ ಉಪಯೋಗ ಇದೆ. ಆದರೆ ‘ಶಾಲೆ ಭಾಳ ಚೆಂದ, ಹೆದರಬೇಡ’ ಅಂತ ಎರಡನೇ ಪುಟದಲ್ಲೇ ಸಮಾಧಾನ ಹೇಳುವ ಪುಸ್ತಕ ತರಬೇಡಿ. ಮಕ್ಕಳ ಭಯ ಸಾಮಾನ್ಯವಾಗಿ ಯಾವುದೋ ಒಂದು ಚಿಕ್ಕ ವಿಷಯದ್ದಾಗಿರುತ್ತದೆ. ಅದು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಆಮೇಲೆ ಪುಸ್ತಕ.

ನನ್ನ ತರಗತಿಯಲ್ಲಿ ಮೊದಲ ವಾರ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಮಾತು, ‘ಅಕ್ಕಾರ, ನಮ್ಮವ್ವ ಯಾವಾಗ ಬರ್ತಾಳ್ರಿ?’ ಇನ್ನೊಂದು ಭಯವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದೇ ಇಲ್ಲ. ಅದು ಶೌಚಾಲಯದ ಭಯ. ಎಲ್ಲಿದೆ, ಒಳಗಿಂದ ಚಿಲಕ ಹಾಕಿದರೆ ತೆಗೆಯೋಕೆ ಬರುತ್ತಾ, ಒಂದಕ್ಕೆ ಹೋಗಬೇಕು ಅಂತ ಯಾರನ್ನು, ಹೇಗೆ ಕೇಳೋದು. ಮನೆಯಲ್ಲಿ ಜಾಸ್ತಿ ಮರಾಠಿ ಆಡುವ ಮಕ್ಕಳಿಗೆ ಈ ಕೇಳೋದು ಇನ್ನೂ ಕಷ್ಟ. ನೀರು ಕುಡಿಯದೆ, ತಡೆದುಕೊಂಡು ಕೂತುಬಿಡುತ್ತವೆ. ಹೊಟ್ಟೆ ನೋಯದೆ ಇನ್ನೇನು?

ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಪುಸ್ತಕಗಳಲ್ಲಿ ಹಳದಿ ಬಸ್ಸು, ಕುರ್ಚಿ-ಮೇಜು, ದೊಡ್ಡ ಊಟದ ಹಾಲ್ ಇರುತ್ತವೆ. ನಿಮ್ಮ ಮಗಳ ಶಾಲೆ ಹಾಗಿರೋದಿಲ್ಲ. ಅದಕ್ಕೇ ಮೊದಲ ಪುಸ್ತಕ ನೀವೇ ಮಾಡಿ. ಮುಖ್ಯ ಶಿಕ್ಷಕರನ್ನು ಕೇಳಿಕೊಂಡು, ಮಗಳನ್ನೂ ಕರೆದುಕೊಂಡು ಹೋಗಿ ಮೊಬೈಲಲ್ಲಿ ಫೋಟೋ ತೆಗೆಯಿರಿ. ಗೇಟು, ಚಪ್ಪಲಿ ಬಿಡುವ ಜಾಗ, ಕೂರುವ ಕೋಣೆ, ನೀರಿನ ನಳ, ಶೌಚಾಲಯದ ಬಾಗಿಲು. ಅದರ ಚಿಲಕದ್ದೇ ಬೇರೆ ಒಂದು ಫೋಟೋ. ಬಿಸಿಯೂಟಕ್ಕೆ ಸಾಲಾಗಿ ಕೂರುವ ಪಡಸಾಲೆ. ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿ. ಪುಟಕ್ಕೆ ಒಂದೇ ವಾಕ್ಯ ಸಾಕು, ಅದೂ ಅವಳ ಬಾಯಿಂದ ಬಂದದ್ದು. ಶೌಚಾಲಯದ ಪುಟದಲ್ಲಿ ಮಾತ್ರ ನೀವು ಹೇಳಿಕೊಡಿ: ‘ಅಕ್ಕಾರ, ಒಂದಕ್ಕ ಹೋಗಿ ಬರ್ತೀನ್ರಿ.’ ಈ ಒಂದು ಮಾತು ಬಾಯಿಗೆ ರೂಢಿಯಾದರೆ ಅರ್ಧ ಭಯ ಹೋದಂತೆ. ನಮ್ಮೂರಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಮಳೆ ಹಿಡಿದುಬಿಡುತ್ತದೆ. ಹಾಗಾಗಿ ಛತ್ರಿ ಎಲ್ಲಿ ಇಡೋದು ಅಂತ ಒಂದು ಪುಟ ಇರಲಿ. ಕೊನೆಯ ಪುಟದಲ್ಲಿ ಅವಳನ್ನು ಕರೆದುಕೊಂಡು ಬರುವವರು ಗೇಟಿನ ಹತ್ತಿರ ನಿಂತಿರಬೇಕು. ಮೊದಲ ಕೆಲವು ದಿನ ಅವರೇ ಬರಬೇಕು, ಅದೇ ಜಾಗದಲ್ಲೇ ನಿಲ್ಲಬೇಕು. ಪುಸ್ತಕದಲ್ಲಿ ಅಜ್ಜಿ, ಗೇಟಿನಲ್ಲಿ ಪಕ್ಕದ ಮನೆಯವರು ಅಂತಾದರೆ ಮಗು ಮತ್ತೆ ನಂಬೋದಿಲ್ಲ.

ಕೊಂಡು ಓದುವುದಾದರೆ ನನ್ನ ಮೊದಲ ಆಯ್ಕೆ ಜೂಲಿ ಡ್ಯಾನೆಬರ್ಗ್ ಬರೆದ ‘ಫಸ್ಟ್ ಡೇ ಜಿಟರ್ಸ್’. ಸಾರಾ ಹೊಸ ಶಾಲೆಗೆ ಹೋಗಲ್ಲ ಅಂತ ಹೊದ್ದುಕೊಂಡು ಮಲಗಿರುತ್ತಾಳೆ. ಮುಖ ಕಾಣಿಸೋದಿಲ್ಲ. ಅಂತೂ ಎಬ್ಬಿಸಿ ಕಳಿಸುತ್ತಾರೆ. ಕೊನೆಯಲ್ಲಿ ನೋಡಿದರೆ ಅವಳು ಆ ತರಗತಿಯ ಹೊಸ ಟೀಚರ್! ಟೀಚರ್‌ಗೂ ಹೆದರಿಕೆ ಆಗುತ್ತೆ ಅಂತ ಮಕ್ಕಳಿಗೆ ಅನ್ನಿಸೋದೇ ಇಲ್ಲ. ನಿಜ ಹೇಳ್ತೀನಿ, ಹೊಸ ಮಕ್ಕಳು ಬರುವ ದಿನ ನನ್ನ ಎದೆಯೂ ಹೊಡೆದುಕೊಳ್ಳುತ್ತದೆ. ಇಂಗ್ಲಿಷ್ ಓದಿ ಅರ್ಥ ಹೇಳುತ್ತಾ ಕೂರಬೇಡಿ. ಚಿತ್ರ ತೋರಿಸುತ್ತಾ ನಿಮ್ಮ ಮಾತಲ್ಲೇ ಕಥೆ ಹೇಳಿ.

ಅವ್ವನನ್ನು ಬಿಟ್ಟಿರುವುದೇ ಕಷ್ಟ ಆಗಿದ್ದರೆ ಆಡ್ರಿ ಪೆನ್ ಅವರ ‘ದ ಕಿಸ್ಸಿಂಗ್ ಹ್ಯಾಂಡ್’ ಇದೆ, 1993ರದ್ದು. ರಕೂನ್ ಅನ್ನೋ ಕಾಡುಪ್ರಾಣಿಯ ಕಥೆ. ತಾಯಿ ತನ್ನ ಮರಿಯ ಅಂಗೈಗೆ ಮುತ್ತು ಕೊಟ್ಟು ಶಾಲೆಗೆ ಕಳಿಸುತ್ತಾಳೆ, ನೆನಪಾದಾಗ ಮರಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಳ್ಳಬೇಕು. ನಿಮ್ಮ ಮಗಳಿಗೆ ಆ ತೊಂದರೆ ಇಲ್ಲದಿದ್ದರೆ ಇದನ್ನು ಬಿಟ್ಟುಬಿಡಿ. ಇಲ್ಲದ ಭಯವನ್ನು ನಾವೇ ಯಾಕೆ ಕಲಿಸಬೇಕು, ಅಲ್ವಾ?

ನಿಮ್ಮ ಮನೆಗೆ ಇನ್ನೊಂದು ಅನುಕೂಲ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಚಿತ್ರಪುಸ್ತಕಗಳು ಪುಕ್ಕಟೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಎರಡರಲ್ಲೂ ಇರುವ ಒಂದು ಶಾಲೆಯ ಕಥೆ ಆರಿಸಿ. ಮೊದಲು ಅಜ್ಜಿ ಮರಾಠಿಯಲ್ಲಿ ಓದಲಿ, ಆಮೇಲೆ ನೀವು ಅದನ್ನೇ ಕನ್ನಡದಲ್ಲಿ ಓದಿ. ಕಥೆ ಗೊತ್ತಿರುವುದರಿಂದ ಹೊಸ ಮಾತು ಬಂದರೂ ಅವಳು ಗಾಬರಿ ಆಗೋದಿಲ್ಲ.

ಓದಲು ಹಿಂದಿನ ರಾತ್ರಿವರೆಗೆ ಕಾಯಬೇಡಿ, ಬೇಸಿಗೆ ರಜೆಯಲ್ಲೇ ಶುರು ಮಾಡಿ. ‘ನಿನಗೂ ಹೀಗೇ ಹೆದರಿಕೆನಾ?’ ಅಂತ ಕೇಳಬೇಡಿ. ‘ಈ ಹುಡುಗಿಗೆ ಈಗ ಏನು ಅನ್ನಿಸ್ತಿರಬಹುದು?’ ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಯಾವ ಪುಟಕ್ಕೆ ಮತ್ತೆ ಮತ್ತೆ ಹೋಗುತ್ತಾಳೋ ಅದನ್ನು ಶಾಲೆ ಶುರುವಾದಾಗ ಅವಳ ಟೀಚರ್‌ಗೆ ಹೇಳಿ, ನಮಗೆ ಅದು ಬಹಳ ಸಹಾಯ. ಆದರೆ ಹೊಟ್ಟೆನೋವು ರಜೆಯಲ್ಲಿ, ಆಟದ ನಡುವೆಯೂ ಬರುತ್ತಿದ್ದರೆ ಪುಸ್ತಕ ಪಕ್ಕಕ್ಕಿಟ್ಟು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.