‘ತಲೆ ಹೋದ ಯುದ್ಧ, ವೃಕ್ಷ (2)’ ಬಿಡಿಸುವ ಬಗೆ

ನೀವು ಕೇಳಿದ ಈ ಪದಬಂಧದ ಸುಳಿವಿಗೆ ಉತ್ತರ ‘ಮರ’. ಆವರಣದ (2) ಎಂದರೆ ಉತ್ತರದಲ್ಲಿ ಎರಡಕ್ಷರ. ಯುದ್ಧ ಎಂದರೆ ಸಮರ. ಮೊದಲಕ್ಷರ ‘ಸ’ ತೆಗೆದರೆ ಮರ, ಅದೇ ವೃಕ್ಷ. ಇಂಥವುಗಳಲ್ಲಿ ನೇರ ಅರ್ಥ ಸಾಮಾನ್ಯವಾಗಿ ಒಂದು ತುದಿಯಲ್ಲಿರುತ್ತದೆ, ಉಳಿದದ್ದು ಪದ ಕಟ್ಟುವ ಸೂಚನೆ. ‘ತಿರುಗಿದ’ ಅಂತ ಕಂಡರೆ ಅಕ್ಷರ ಹಿಂದುಮುಂದು ಮಾಡಿ: ನವ, ವನ.

ಬರೀ ‘ಕಾಡು (3)’ ಇದ್ದರೆ ಅವಸರ ಬೇಡ. ಅಡವಿ, ಅರಣ್ಯ, ಕಾನನ, ವಿಪಿನ ನಾಲ್ಕೂ ಕೂರುತ್ತವೆ. ಅಡ್ಡ ಹಾಯುವ ಪದದಿಂದ ಒಂದಕ್ಷರ ಸಿಗಲಿ. ಹೆಚ್ಚಿನವರು ಎಡವುವುದು ಇಲ್ಲೇ: ಗುಣಿತ, ಒತ್ತು, ಸೊನ್ನೆ ಸಮೇತ ಒಂದು ಮನೆಗೆ (ಚೌಕಕ್ಕೆ) ಒಂದಕ್ಷರ. ಅರಣ್ಯದ ‘ಣ್ಯ’ ಅಡ್ಡಪದದಲ್ಲೂ ‘ಣ್ಯ’ವೇ ಆಗಬೇಕು, ‘ಣ’ ಸಾಲದು. ಒತ್ತಕ್ಷರವನ್ನು ಎರಡು ಪದಕ್ಕೂ ಹೊಂದಿಸುವುದು ಕಷ್ಟವಾದ್ದರಿಂದ ರಚನೆಕಾರರು ಅದನ್ನು ಪದಗಳು ಸಂಧಿಸದ ಮನೆಗೆ ತಳ್ಳಲು ನೋಡುತ್ತಾರೆ. ಸಂಧಿಸುವ ಮನೆಯಲ್ಲಿ ಬಂದರೆ ನಿಮ್ಮ ಉತ್ತರವನ್ನು ಇನ್ನೊಮ್ಮೆ ಪರೀಕ್ಷಿಸಿ.