ಸ್ಕ್ರಿಪ್ಟ್ ರೆಕಾರ್ಡಿಂಗ್ ರೀಪ್ಲೇ ಮಾಡೋದು

ಲಿನಕ್ಸಲ್ಲಿ ಸ್ಕ್ರಿಪ್ಟ್ ಕಮಾಂಡಿಂದ (ಟರ್ಮಿನಲಲ್ಲಿ ಕಾಣೋದನ್ನೆಲ್ಲಾ ಫೈಲಿಗೆ ಬರೆದಿಡೋ ಕಮಾಂಡ್) ಮಾಡಿದ ರೆಕಾರ್ಡಿಂಗ್ ಎಡಿಟರಲ್ಲಿ ತೆಗೆದ್ರೆ ಚಿತ್ರವಿಚಿತ್ರ ಅಕ್ಷರ ಬರುತ್ತೆ, ವಿಡಿಯೋ ತರ ಪ್ಲೇ ಮಾಡೋದು ಹೇಗೆ ಅಂತ ಕೇಳಿದೀರಲ್ಲ, ಫೈಲೇನೂ ಕೆಟ್ಟಿಲ್ಲ, ಅವು ಬಣ್ಣಕ್ಕೆ, ಕರ್ಸರ್ ಓಡಾಡೋದಕ್ಕೆ ಇರೋ ಎಸ್ಕೇಪ್ ಕೋಡುಗಳು, ನೀವು ಬ್ಯಾಕ್‌ಸ್ಪೇಸ್ ಒತ್ತಿ ಅಳಿಸಿದ್ದೂ ಅದರಲ್ಲೇ ಇರುತ್ತೆ. ಆದ್ರೆ ಯಾವುದು ಎಷ್ಟು ಹೊತ್ತಿಗೆ ಬಂತು ಅನ್ನೋ ಲೆಕ್ಕ ಅದರಲ್ಲಿರಲ್ಲ, ಅದಕ್ಕೆ ರೆಕಾರ್ಡ್ ಶುರು ಮಾಡುವಾಗ್ಲೇ ಟೈಮಿಂಗ್ ಆಪ್ಷನ್ ಕೊಟ್ಟು ಇನ್ನೊಂದು ಫೈಲ್ ಮಾಡ್ಕೋಬೇಕು, ಕೆಲ್ಸ ಮುಗಿದ್ಮೇಲೆ ಎಕ್ಸಿಟ್ ಹೊಡೆದು ಎರಡೂ ಫೈಲನ್ನ ಸ್ಕ್ರಿಪ್ಟ್‌ರೀಪ್ಲೇ ಅನ್ನೋ ಕಮಾಂಡಿಗೆ ಕೊಡಿ, ವಿಡಿಯೋ ತರ ಪ್ಲೇ ಆಗುತ್ತೆ. ಮಧ್ಯೆ ಟೀ ಕುಡಿಯೋಕೆ ಎದ್ದು ಹೋಗಿದ್ರೆ ಆ ಗ್ಯಾಪೂ ಹಂಗೇ ಪ್ಲೇ ಆಗುತ್ತೆ, ಆ ಕಮಾಂಡಿಗೇ ಮ್ಯಾಕ್ಸ್‌ಡಿಲೇ 2 ಅಂತ ಹಾಕಿದ್ರೆ 2 ಸೆಕೆಂಡಿಗಿಂತ ಜಾಸ್ತಿ ನಿಲ್ಲಲ್ಲ. ಬೇರೆಯವರಿಗೆ ಕಳಿಸೋದಾದ್ರೆ ಮಾತ್ರ ಆಸ್ಕಿನೆಮಾ ಅನ್ನೋ ಟರ್ಮಿನಲ್ ರೆಕಾರ್ಡರೇ ಬೆಸ್ಟ್, ಎಲ್ಲಾ ಒಂದೇ ಫೈಲಲ್ಲಿ ಇರುತ್ತೆ, ನೋಡ್ತಾ ನೋಡ್ತಾ ನಿಲ್ಲಿಸಿ ಕಮಾಂಡನ್ನ ಹಾಗೇ ಕಾಪಿ ಮಾಡ್ಕೋಬಹುದು. ಕಳಿಸೋ ಮುಂಚೆ ಟೋಕನ್ನೋ ಪಾಸ್‌ವರ್ಡೋ ಸ್ಕ್ರೀನ್ ಮೇಲೆ ಬಂದಿದೆಯಾ ಅಂತ ದಯವಿಟ್ಟು ಒಂದ್ಸಲ ಪೂರ್ತಿ ಪ್ಲೇ ಮಾಡಿ ನೋಡ್ಕೊಳ್ಳಿ.